ಲೆಕ್ಕದ ಮೇಜಿಗೆ ಬಾಳಿಕೆಯ ಮೌಸ್ ಯಾವುದು?

ಪ್ರಶ್ನೆ, ಚಿಕ್ಕಮಗಳೂರಿನಿಂದ:
ಕಾಫಿ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಮೌಸ್ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತಿದೆ. ಕಡತದ ಹೆಸರನ್ನು ಆರಿಸಲು ಹೋದರೆ ಕಡತವೇ ತೆರೆದುಕೊಳ್ಳುತ್ತದೆ, ತಲೆ ಕೆಡುತ್ತದೆ. ಬಣ್ಣದ ದೀಪ, ಹತ್ತಾರು ಗುಂಡಿ ನನಗೆ ಬೇಡ. ಎರಡು ಗುಂಡಿ, ಒಂದು ಚಕ್ರ, ಕೈತುಂಬುವ ಗಾತ್ರ ಸಾಕು. ಯಾವುದನ್ನು ಕೊಳ್ಳಲಿ?

ಉತ್ತರ, ಹಾಸನದಿಂದ:
ಗುಂಡಿಯ ಕೆಳಗಿನ ಸ್ವಿಚ್‌ನ ಲೋಹದ ಪಟ್ಟಿ ಸವೆದರೆ ಹೀಗಾಗುತ್ತದೆ, ಸರ್. ತಂತಿಯಿರುವ ಯುಎಸ್‌ಬಿ ಮೌಸ್ ತೆಗೆದುಕೊಳ್ಳಿ, ಬ್ಯಾಟರಿಯ ಗೊಡವೆ ಇರುವುದಿಲ್ಲ. ನಾನು ಬಳಸುವುದು ಲಾಜಿಟೆಕ್ ಬಿ100. ಎಡಗೈಗೂ ಬಲಗೈಗೂ ಒಗ್ಗುತ್ತದೆ. ಅಂಗಡಿಯಲ್ಲೇ ಹಿಡಿದು, ಚಕ್ರ ಉರುಳಿಸಿ ನೋಡಿ.

ಉತ್ತರ, ಸಕಲೇಶಪುರದಿಂದ:
ಮೇಜಿಗೆ ಗಾಜು ಹಾಸಿದ್ದರೆ ಪ್ಯಾಡ್ ಬೇಕೇ ಬೇಕು. ಸಾಧಾರಣ ಆಪ್ಟಿಕಲ್ ಮೌಸ್‌ಗೆ ನುಣುಪಾದ ಗಾಜಿನ ಮೇಲೆ ಜಾಡು ಸಿಗುವುದಿಲ್ಲ.

ಚಿಕ್ಕಮಗಳೂರಿನಿಂದ:
ನಮ್ಮದು ಗಾಜಿನ ಮೇಜೇ! ನಾಳೆ ಎಂ.ಜಿ. ರಸ್ತೆಯಲ್ಲಿ ಎರಡನ್ನೂ ಕೊಳ್ಳುತ್ತೇನೆ.