ಅಪ್‌ಡೇಟ್: ಕೀಲಿಗೆ ತೂಗಿದ ಕೋಲು, ಮಣ್ಣಿನ ಮುದ್ದೆ – ತಪ್ಪು ಸಿಕ್ಕಿತು

ಹಿಂದಿನ ಪ್ರಶ್ನೆ ಇದು: ಮೇಲ್ತುದಿಯಲ್ಲಿ ಕೀಲಿಗೆ ತೂಗಿರುವ 1.2 ಕಿಲೋ ತೂಕದ, 1 ಮೀಟರ್ ಉದ್ದದ ಕೋಲು. ಕೆಳತುದಿಗೆ 0.2 ಕಿಲೋ ಮಣ್ಣಿನ ಮುದ್ದೆ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಅಡ್ಡಲಾಗಿ ಬಡಿದು ಅಂಟಿಕೊಳ್ಳುತ್ತದೆ. ಆಗ ಕೋಲು ಎಷ್ಟು ವೇಗದಲ್ಲಿ ತಿರುಗತೊಡಗುತ್ತದೆ? ರೇಖೀಯ ಸಂವೇಗದಿಂದ (ದ್ರವ್ಯರಾಶಿ × ವೇಗ) ಲೆಕ್ಕ ಮಾಡಿದರೆ ನನ್ನ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದುತ್ತಿರಲಿಲ್ಲ.

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕುಂಬಳೆಯಿಂದ ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಟಿಕೆಟಿನ ಹಿಂಬದಿಯಲ್ಲಿ ಮತ್ತೆ ಲೆಕ್ಕ ಹಾಕಿದೆ. ಕೀಲಿನ ಸುತ್ತ ಮುದ್ದೆಯ ಕೋನೀಯ ಸಂವೇಗ (ಸಂವೇಗ × ಕೀಲಿನಿಂದ ದೂರ) 0.2 × 6 × 1, ಅಂದರೆ 1.2; ಡಿಕ್ಕಿಯಲ್ಲಿ ಬದಲಾಗದೆ ಉಳಿಯುವುದು ಇದೇ. ಅಂಟಿದ ಮೇಲೆ ತಿರುಗುವಿಕೆಗೆ ಇರುವ ಜಡತ್ವ ಕೋಲಿನದು 0.4, ಮುದ್ದೆಯದು 0.2, ಒಟ್ಟು 0.6. ಕೋನೀಯ ವೇಗ ಸೆಕೆಂಡಿಗೆ 2 ರೇಡಿಯನ್. ಪುಸ್ತಕದ ಉತ್ತರವೇ!

ನನಗೆ ನಿದ್ದೆ ಕೆಡಿಸಿದ್ದು ಮುಂದಿನ ಸಾಲು. ರೇಖೀಯ ಸಂವೇಗ ಮೊದಲು 1.2 ಇದ್ದದ್ದು ಡಿಕ್ಕಿಯ ನಂತರ 1.6 ಆಗುತ್ತದೆ. ಕಡಿಮೆಯಲ್ಲ, ಹೆಚ್ಚು! ಆ 0.4 ಕೊಟ್ಟದ್ದು ಕೀಲು. ಕೆಳತುದಿಗೆ ಪೆಟ್ಟು ಬಿದ್ದಾಗ ಮೇಲ್ತುದಿ ಹಿಂದಕ್ಕೆ ಜಿಗಿಯಲು ನೋಡುತ್ತದೆ, ಕೀಲು ಅದನ್ನು ಮುಂದಕ್ಕೆ ತಳ್ಳಿ ಹಿಡಿಯುತ್ತದೆ. ಆ ಬಲ ಕೀಲಿನಲ್ಲೇ ಇರುವುದರಿಂದ ಕೀಲಿನ ಸುತ್ತ ಅದಕ್ಕೆ ತಿರುಗಿಸುವ ಶಕ್ತಿಯಿಲ್ಲ. ಚಲನಶಕ್ತಿ ಮಾತ್ರ 3.6 ಜೂಲ್‌ನಿಂದ 1.2ಕ್ಕೆ ಇಳಿಯಿತು, ಮುದ್ದೆ ಚಪ್ಪಟೆಯಾದದ್ದು ಸುಮ್ಮನೆ ಅಲ್ಲ.

ಮೇಲಿನಿಂದ ಮೂರನೆಯ ಎರಡು ಭಾಗದಷ್ಟು ಕೆಳಗೆ ಬಡಿದರೆ ಕೀಲಿಗೆ ಪೆಟ್ಟೇ ತಾಗುವುದಿಲ್ಲ, ರೇಖೀಯ ಸಂವೇಗ 1.2 ಹಾಗೆಯೇ ಉಳಿಯುತ್ತದೆ. ಅಡಿಕೆ ದೋಟಿಯ ತುಂಡೊಂದನ್ನು ಜಗಲಿಯಲ್ಲಿ ತೂಗುಹಾಕಿ ನೋಡೋಣವೆಂದಿದ್ದೇನೆ, ಅಜ್ಜ ದೋಟಿ ಕೊಟ್ಟರೆ.