‘ಎಲೆಮಿಡತೆ’ ಮಿಡತೆಯೋ, ಜೀರುಂಡೆಯೋ?

ಮಲೆನಾಡಿನ ಕೀಟಗಳನ್ನು ಕುರಿತು ಮಕ್ಕಳಿಗಾಗಿ ಬರೆಯುತ್ತಿರುವ ಕಿರುಹೊತ್ತಗೆಯಲ್ಲಿ ಒಂದು ಹೆಸರು ನನಗೆ ತೊಡಕಾಗಿದೆ. ಮಳೆಗಾಲದ ರಾತ್ರಿ ನಮ್ಮ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಜಗಲಿಯ ದೀಪಕ್ಕೆ ಬಂದು ಕೂರುವ, ರೆಕ್ಕೆಯಲ್ಲಿ ಎಲೆಯ ನರಗಳನ್ನೂ ಮೂಡಿಸಿಕೊಂಡಿರುವ ಹಸಿರು ಕೀಟವನ್ನು ಇಂಗ್ಲಿಷಿನಲ್ಲಿ ಕೇಟಿಡಿಡ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಬರೀ ‘ಹಸಿರು ಮಿಡತೆ’. ಕರಡಿನಲ್ಲಿ ನಾನು ‘ಎಲೆಮಿಡತೆ’ ಎಂದು ಬರೆದಿದ್ದೇನೆ.

ಆದರೆ ಅಂಗಲಕ್ಷಣಗಳು ಈ ಹೆಸರಿಗೆ ಒಪ್ಪುವುದಿಲ್ಲ. ಗದ್ದೆಯ ಅಂಚಿನ ಮಿಡತೆಗೆ ಕುಡಿಮೀಸೆ ಗಿಡ್ಡ, ಕಿವಿ ಹೊಟ್ಟೆಯ ಪಕ್ಕದಲ್ಲಿ. ಇದರ ಮೀಸೆಯಾದರೋ ಕೂದಲೆಳೆಯಷ್ಟು ತೆಳು, ಮೈಗಿಂತ ಉದ್ದ. ಕಿವಿಯಿರುವುದು ಮುಂಗಾಲಿನ ಮಂಡಿಯ ಕೆಳಗೆ. ಗಂಡು ಹಾಡುವುದು ರೆಕ್ಕೆಗೆ ರೆಕ್ಕೆ ಉಜ್ಜಿ. ಇವೆಲ್ಲ ಇಂಗ್ಲಿಷಿನಲ್ಲಿ ಕ್ರಿಕೆಟ್ ಎನ್ನುವ ಜೀರುಂಡೆಯ ಲಕ್ಷಣಗಳು. ಹಾಗೆಂದು ಜೀರುಂಡೆ ಎಂದೂ ಕರೆಯಲಾಗದು. ಜೀರುಂಡೆಯ ಪಾದದಲ್ಲಿ ಮೂರು ಗೆಣ್ಣುಗಳಿದ್ದರೆ ಇದಕ್ಕೆ ನಾಲ್ಕು. ಅದು ರೆಕ್ಕೆಯನ್ನು ಬೆನ್ನ ಮೇಲೆ ಚಪ್ಪಟೆಯಾಗಿ ಮಡಚಿ ಸಾಮಾನ್ಯವಾಗಿ ಬಲದ್ದನ್ನು ಮೇಲಿಟ್ಟರೆ, ಇದು ಮನೆಯ ಮಾಡಿನಂತೆ ಇಳಿಜಾರಾಗಿಸಿ ಎಡದ್ದನ್ನು ಮೇಲಿಡುತ್ತದೆ. ಮೊನ್ನೆ ಗಾಜಿನ ಲೋಟ ಕವುಚಿ ನೋಡಿದ ಹೆಣ್ಣಿಗೆ ಹಿಂಬದಿಯಲ್ಲಿ ಕುಡುಗೋಲಿನಂತೆ ಮೇಲಕ್ಕೆ ಬಾಗಿದ ಚಪ್ಪಟೆ ಅಲಗಿತ್ತು. ಮೊಟ್ಟೆಯಿಡುವ ಅಂಗ ಅದು. ಜೀರುಂಡೆಯಲ್ಲಿ ಅದೇ ಅಂಗ ದಬ್ಬಣದಂತಿರುತ್ತದೆ.

‘ಜೀರುಂಡೆ’ಯ ಅರ್ಥವೂ ಗಟ್ಟಿಯಾಗಿ ನಿಂತಿಲ್ಲ. ಬೇಸಿಗೆಯ ಹಗಲಿನಲ್ಲಿ ಮರದ ಮೇಲೆ ಕೂತು ಕಿವಿ ಕೊರೆಯುವ ಸಿಕಾಡವನ್ನೂ ನಾವು ಜೀರುಂಡೆ ಎನ್ನುತ್ತೇವೆ; ಅದು ಮರದ ರಸ ಹೀರುವ, ಹೊಟ್ಟೆಯ ಪೊರೆ ಕಂಪಿಸಿ ಸದ್ದು ಮಾಡುವ ಬೇರೆಯೇ ಗಣದ ಕೀಟ. ಕೆಲವರ ಬರವಣಿಗೆಯಲ್ಲಿ ಕವಚರೆಕ್ಕೆಯ ದುಂಬಿಗೂ ಇದೇ ಹೆಸರು. ಸಂಸ್ಕೃತದ ಹಳೆಯ ನಿಘಂಟಾದ ಅಮರಕೋಶ ಜೀರುಂಡೆಗೆ ಭೃಂಗಾರೀ, ಝೀರುಕಾ, ಚೀರೀ, ಝಿಲ್ಲಿಕಾ ಎಂಬ ನಾಲ್ಕನ್ನು ಸಮಾನಪದಗಳಾಗಿ ಕೊಡುತ್ತದೆ. ಝೀರುಕಾ, ಚೀರೀ ಎಂಬುವುಗಳಲ್ಲಿ ನಮ್ಮ ‘ಜೀರ್’ ಸದ್ದೇ ಕೇಳಿಸುವುದರಿಂದ, ಕಿವಿಗೆ ಬಿದ್ದದ್ದನ್ನೇ ಹೆಸರಾಗಿಸುವ ರೂಢಿ ಹಳೆಯದೆಂದು ತೋರುತ್ತದೆ.

‘ಮಿಡತೆ’ಯಲ್ಲಿರುವುದು ಸದ್ದಲ್ಲ, ನೆಗೆತ. ಮಿಡಿ ಎಂದರೆ ಚಿಮ್ಮು. ಆ ಲೆಕ್ಕದಲ್ಲಿ ಹಿಂಗಾಲು ಒದ್ದು ಚಿಮ್ಮುವ ಯಾವುದನ್ನೂ ಮಿಡತೆ ಎನ್ನಬಹುದು, ಆದ್ದರಿಂದ ‘ಎಲೆಮಿಡತೆ’ ಶಾಸ್ತ್ರಕ್ಕೆ ಸಲ್ಲದಿದ್ದರೂ ಪದಕ್ಕೆ ಸಲ್ಲುತ್ತದೆ ಎಂಬುದು ನನ್ನ ಒಲವು. ‘ಎಲೆಜೀರುಂಡೆ’ ಎಂದರೆ ಮಕ್ಕಳು ಎಲೆ ತಿನ್ನುವ ದುಂಬಿಯನ್ನು ಹುಡುಕಿಯಾರು. ಸಾಗರ, ಹೊಸನಗರ, ಕೊಪ್ಪದ ಕಡೆಯವರಲ್ಲಿ ಯಾರಾದರೂ ಹಿರಿಯರ ಬಾಯಲ್ಲಿ ಈ ಕೀಟಕ್ಕೆ ಬೇರೆ ಹೆಸರು ಕೇಳಿದ್ದೀರಾ? ಕೇಳಿದ್ದರೆ, ಆ ಹೆಸರು ಹಸಿರು ಬಣ್ಣದವಕ್ಕೆ ಮಾತ್ರವೋ, ಒಣಗಿದ ಎಲೆಯಂತಿರುವ ಕಂದು ಬಣ್ಣದವಕ್ಕೂ ಸಲ್ಲುತ್ತದೆಯೋ, ದಯವಿಟ್ಟು ತಿಳಿಸಿ.