ಡಿಸೆಂಬರ್‌ನಲ್ಲಿ ಮುಂಬೈ–ಲಕ್ಷದ್ವೀಪ ಕ್ರೂಸ್: ಸಮುದ್ರ ಎಷ್ಟು ಹೊಯ್ದಾಡುತ್ತೆ?

ಪ್ರಶ್ನೆ: ಸಾಗರದವ

ಡಿಸೆಂಬರ್ ಮೂರನೇ ವಾರಕ್ಕೆ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಕ್ರೂಸ್ ಬುಕ್ ಮಾಡಿದ್ದೇವೆ. ನಾನು, ಹೆಂಡತಿ, 7 ವರ್ಷದ ಮಗಳು, 68 ವರ್ಷದ ಅಮ್ಮ. ಹೆಂಡತಿಗೂ ಮಗಳಿಗೂ ಆಗುಂಬೆ ಘಾಟಿಯ ಅರ್ಧ ತಿರುವು ಇಳಿಯುವುದರೊಳಗೆ ವಾಂತಿ. ಅಮ್ಮನಿಗೆ ಬಿಪಿ ಮಾತ್ರೆ, ಗ್ಲಾಕೋಮಾಗೆ ಕಣ್ಣಿನ ಡ್ರಾಪ್ಸ್ ನಡೆಯುತ್ತಿದೆ. ಸಿಗಂದೂರಿನ ಲಾಂಚ್ ಬಿಟ್ಟರೆ ಯಾರೂ ನೀರಿನ ಮೇಲೆ ಹೋದವರಲ್ಲ. ಆಗ ಸಮುದ್ರ ಹೇಗಿರುತ್ತೆ? ಯಾವ ಕ್ಯಾಬಿನ್ ಕೇಳಬೇಕು? ಮಾತ್ರೆ ಯಾವುದು, ಯಾವಾಗ ತಗೋಬೇಕು?

ಪಡುವಣ ಗಾಳಿ

ತಿಂಗಳು ಒಳ್ಳೆಯದೇ ಆರಿಸಿದ್ದೀರಿ. ನಮ್ಮಲ್ಲಿ ಜಡಿಮಳೆ ಹಿಡಿಯುವ ಜೂನ್–ಸೆಪ್ಟೆಂಬರ್‌ನಲ್ಲೇ ಅರಬ್ಬೀ ಸಮುದ್ರವೂ ಕೆರಳುವುದು. ಎರಡಕ್ಕೂ ಅದೇ ನೈರುತ್ಯ ಮಾರುತ ಕಾರಣ. ಡಿಸೆಂಬರ್‌ನಲ್ಲಿ ಗಾಳಿ ಹೆಚ್ಚಾಗಿ ನೆಲದ ಕಡೆಯಿಂದ ಬೀಸುವುದರಿಂದ ದಡದ ಹತ್ತಿರ ಅಲೆ ಬೆಳೆಯಲು ಜಾಗವೇ ಸಿಗುವುದಿಲ್ಲ. ಆದರೂ 2017ರ ಓಖಿ ಚಂಡಮಾರುತ ಡಿಸೆಂಬರ್ ಮೊದಲ ದಿನಗಳಲ್ಲೇ ಲಕ್ಷದ್ವೀಪಕ್ಕೆ ಬಡಿದಿತ್ತು. ಹಾಗಾಗಿ ಹೊರಡುವ ನಾಲ್ಕೈದು ದಿನ ಮುಂಚಿನಿಂದ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸಮುದ್ರ ಮುನ್ಸೂಚನೆ ನೋಡುತ್ತಿರಿ.

ಅಲ್ಲಿ ಅಲೆಯ ಎತ್ತರವಷ್ಟೇ ನೋಡಿ ಸುಮ್ಮನಾಗಬೇಡಿ, ಅವಧಿಯನ್ನೂ ನೋಡಿ. ಅವಧಿ ಎಂದರೆ ಒಂದು ಅಲೆ ಹೋಗಿ ಮುಂದಿನದು ಬರಲು ಹಿಡಿಯುವ ಸೆಕೆಂಡು. ಅದನ್ನು ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿದರೆ ಆಳ ಸಮುದ್ರದಲ್ಲಿ ಎರಡು ಅಲೆಗಳ ನಡುವಿನ ದೂರ ಮೀಟರಿನಲ್ಲಿ ಸಿಗುತ್ತದೆ. 6 ಸೆಕೆಂಡಿಗೆ 56 ಮೀಟರ್. 12 ಸೆಕೆಂಡಿಗೆ ಸುಮಾರು 225. ಇನ್ನೂರು ಮೀಟರ್ ಉದ್ದದ ಹಡಗಿನ ಅಡಿಯಲ್ಲಿ 56 ಮೀಟರಿನ ಅಲೆಗಳು ಒಮ್ಮೆಗೇ ಮೂರ್ನಾಲ್ಕು ಇರುತ್ತವೆ, ಒಂದು ಎತ್ತಿದ್ದನ್ನು ಇನ್ನೊಂದು ಸರಿದೂಗಿಸುತ್ತದೆ. 225 ಮೀಟರಿನದಾದರೆ ಹಡಗೇ ಮೂತಿಯೆತ್ತಿ ಇಳಿಯುತ್ತದೆ. 2 ಮೀಟರ್ ಎತ್ತರದ ಅಲೆ ಒಂದು ದಿನ ಗೊತ್ತೇ ಆಗದೆ, ಇನ್ನೊಂದು ದಿನ ಹೊಟ್ಟೆ ತೊಳಸುವುದು ಇದಕ್ಕೇ.

ಇನ್ನೊಂದು: ಅವರು ಕೊಡುವ ಎತ್ತರ, ಎಲ್ಲ ಅಲೆಗಳಲ್ಲಿ ಅತಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ. ಬಿಡಿ ಅಲೆ ಅದರ ಎರಡರಷ್ಟರ ಹತ್ತಿರಕ್ಕೂ ಏಳಬಹುದು.

ಹೊಸನಗರ ಹೊಳೆ

ಕ್ಯಾಬಿನ್ ವಿಷಯ. ಹಡಗು ಏತದ ಹಾಗೆ: ತುದಿಗಳು ಏರಿಳಿಯುತ್ತವೆ, ನಡು ಹೆಚ್ಚು ಕದಲುವುದಿಲ್ಲ. ಎತ್ತರಕ್ಕೆ ಹೋದಷ್ಟೂ ಅಕ್ಕಪಕ್ಕದ ಓಲಾಟ ಜಾಸ್ತಿ. ಆದ್ದರಿಂದ ಕೆಳಗಿನ ಡೆಕ್, ಉದ್ದಕ್ಕೆ ನಟ್ಟನಡುವೆ ಕೇಳಿ. ಮೇಲಿನ ಡೆಕ್ಕಿನ ಮುಂಭಾಗದ ಬಾಲ್ಕನಿಗೆ ದುಡ್ಡು ಜಾಸ್ತಿ, ಅಲ್ಲಾಡುವುದೂ ಜಾಸ್ತಿ. ನಿಮ್ಮ ಮನೆಯವರಿಗೆ ಅದು ಬೇಡವೇ ಬೇಡ ಮಾರಾಯ್ರೆ.

ಸ್ಟೆಬಿಲೈಜರ್ ಇದೆಯೆಂದು ಏಜೆಂಟ್ ಹೇಳಬಹುದು. ಅವು ಹಡಗಿನ ಎರಡೂ ಪಕ್ಕ, ನೀರಿನೊಳಗೆ ಮೀನಿನ ರೆಕ್ಕೆಯಂತೆ ಚಾಚಿಕೊಳ್ಳುತ್ತವೆ. ಅಕ್ಕಪಕ್ಕದ ಓಲಾಟವನ್ನು ತಗ್ಗಿಸುತ್ತವೆ, ಮೂತಿಯ ಏರಿಳಿತವನ್ನಲ್ಲ. ರೆಕ್ಕೆಗೆ ಬಲ ಬರುವುದು ನೀರು ಹರಿದಾಗ. ಲಂಗರು ಹಾಕಿ ನಿಂತರೆ ಅಷ್ಟು ಉಪಯೋಗವಿಲ್ಲ.

ತೊಳಸಲು ಶುರುವಾದರೆ ಕ್ಯಾಬಿನ್ನಿನಲ್ಲಿ ಕೂರಬೇಡಿ. ಕಿವಿಯೊಳಗಿನ ಸಮತೋಲನದ ಅಂಗ ಅಲ್ಲಾಡುತ್ತಿದ್ದೇವೆ ಅನ್ನುತ್ತೆ, ಕಣ್ಣಿಗೆ ಗೋಡೆ ನಿಂತಂತೆ ಕಾಣುತ್ತೆ. ಆ ಜಗಳವೇ ವಾಕರಿಕೆ. ತೆರೆದ ಡೆಕ್ಕಿನ ನಡುವಿಗೆ ಬಂದು ದಿಗಂತ ನೋಡಿ. ಮಗಳ ಕೈಯಿಂದ ಮೊಬೈಲ್ ತೆಗೆದಿಡಿ.

ಮೆಡಿಕಲ್ ಶಾಪ್, ತೀರ್ಥಹಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ: ವಾಂತಿ ಅಂದ ಕೂಡಲೇ ಒಂಡಾನ್‌ಸೆಟ್ರಾನ್ ಕೇಳುತ್ತಾರೆ. ಅದು ಕಿಮೊಥೆರಪಿ, ಹೊಟ್ಟೆಯ ಸೋಂಕಿನ ವಾಂತಿಗೆ ಒಳ್ಳೆಯದು. ಪ್ರಯಾಣದ ವಾಂತಿಗೆ ಅಷ್ಟಾಗಿ ನಾಟುವುದಿಲ್ಲ, ಎರಡರ ದಾರಿ ಬೇರೆ. ಇದಕ್ಕೆ ಬೇಕಾದದ್ದು ಪ್ರೋಮೆಥಜೀನ್ ಥಿಯೋಕ್ಲೇಟ್ 25 ಮಿ.ಗ್ರಾಂ. ದೊಡ್ಡವರಿಗೆ ಹತ್ತುವ ಹಿಂದಿನ ರಾತ್ರಿ ಒಂದು, ಬೇಕಾದರೆ ಮರುದಿನ ಬೆಳಿಗ್ಗೆ ಇನ್ನೊಂದು. 5ರಿಂದ 10 ವರ್ಷದವರಿಗೆ ಅರ್ಧ ಮಾತ್ರೆ. ಮಗಳ ತೂಕ ಹೇಳಿ ಮಕ್ಕಳ ಡಾಕ್ಟರನ್ನು ಕೇಳಿಯೇ ಕೊಡಿ. ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಹೊಟ್ಟೆಯ ಚಲನೆ ನಿಧಾನವಾಗಿ ಮಾತ್ರೆ ಅಲ್ಲೇ ಉಳಿಯುತ್ತದೆ.

ನಿದ್ದೆ ಬರಿಸುತ್ತದೆ. ರಜಾದಿನ ಮನೆಯಲ್ಲಿ ಒಮ್ಮೆ ತೆಗೆದುಕೊಂಡು ನೋಡಿ. ಮದ್ಯದ ಜೊತೆ ಕೂಡದು.

ಅಮ್ಮನಿಗೆ ಕೇಳದೆ ಕೊಡಲೇಬೇಡಿ. ಗ್ಲಾಕೋಮಾದಲ್ಲಿ, ಕಣ್ಣೊಳಗಿನ ದ್ರವ ಹೊರಹೋಗುವ ಕೋನ ಕಿರಿದಾದ ಬಗೆಯಿದ್ದರೆ ಈ ಗುಂಪಿನ ಮಾತ್ರೆಗಳು ಕಣ್ಣಿನ ಒತ್ತಡ ಏರಿಸಬಹುದು. ಯಾವ ಬಗೆ ಎಂದು ಕಣ್ಣಿನ ಡಾಕ್ಟರಿಂದ ಬರೆಸಿಕೊಂಡು ಬನ್ನಿ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶವಿದ್ದರೆ ಎರಡು ವಾಂತಿಗೇ ನೀರು ಕಡಿಮೆಯಾಗಿ ತಲೆಸುತ್ತು ಬರುತ್ತದೆ. ಓಆರ್‌ಎಸ್ ಪೊಟ್ಟಣ ನಾಲ್ಕು ಇಟ್ಟುಕೊಳ್ಳಿ.

ಖಾಲಿ ಹೊಟ್ಟೆ ಬೇಡ, ಬಿರಿಯುವಷ್ಟು ಊಟವೂ ಬೇಡ. ಇಡ್ಲಿ, ಗಂಜಿ ಸಾಕು. ಒಣಶುಂಠಿ ಕೆಲವರಿಗೆ ನೆರವಾಗುತ್ತದೆ, ಆದರೆ ಮಾತ್ರೆಯ ಬದಲಿಗಲ್ಲ.

ಸಾಗರದವ

ಅಮ್ಮನಿಗೆ ಮಂಡಿನೋವೂ ಇದೆ. ದ್ವೀಪದಲ್ಲಿ ಇಳಿಯಲು ಮೆಟ್ಟಿಲು ಇರುತ್ತಾ?

ಪಡುವಣ ಗಾಳಿ

ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ದಾಟಬೇಕು. ಇಡೀ ಪ್ರವಾಸದಲ್ಲಿ ಎಚ್ಚರ ಬೇಕಾದ ಜಾಗ ಇದೇ. ಹಡಗು ಕದಲದಿದ್ದರೂ ದೋಣಿ ಏರಿಳಿಯುತ್ತಿರುತ್ತದೆ. ದೋಣಿ ಮೇಲಕ್ಕೆ ಬಂದಾಗ, ಸಿಬ್ಬಂದಿ ಹೇಳಿದ ಕ್ಷಣಕ್ಕೇ ಕಾಲಿಡಬೇಕು. ಬೆರಳು ಹಿಡಿಯದೆ ಅವರ ಮುಂಗೈ ಹಿಡಿಯಬೇಕು. ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗೆ, ಸೀರೆಗಿಂತ ಚೂಡಿದಾರ್ ವಾಸಿ, ಚಪ್ಪಲಿಗೆ ಹಿಂಬದಿ ಪಟ್ಟಿ ಇರಲಿ. ಅಲೆ ಜೋರಿದ್ದರೆ ಕ್ಯಾಪ್ಟನ್ ಯಾರನ್ನೂ ಇಳಿಸುವುದಿಲ್ಲ, ದ್ವೀಪ ಬಿಟ್ಟು ಮುಂದೆ ಹೋಗಬಹುದು. ಹಾಗಾದರೆ ಹಣ ವಾಪಸು ಉಂಟೋ ಇಲ್ಲವೋ ಎಂದು ಟಿಕೆಟ್ಟಿನ ಷರತ್ತಿನಲ್ಲಿ ಈಗಲೇ ಓದಿ. ಅಮ್ಮನಿಗೆ ಆವತ್ತು ಕಾಲು ಹಿಡಿದುಕೊಂಡಿದ್ದರೆ ಹಡಗಿನಲ್ಲೇ ಉಳಿಯಲಿ, ಜೊತೆಗೆ ನಿಮ್ಮಲ್ಲೊಬ್ಬರು ಇರಿ.